ಆರೇ ಪಂದ್ಯಕ್ಕೆ ಮ್ಯಾನೇಜರ್ ಮನೆಗೆ: 1988ರ ಓರಿಯೋಲ್ಸ್ ಪ್ರಕರಣ

ಬೇಸ್‌ಬಾಲ್ ಸೀಸನ್ ಅಂದರೆ ಒಂದೊಂದು ತಂಡಕ್ಕೆ 162 ಪಂದ್ಯ. ಏಪ್ರಿಲ್‌ನಲ್ಲಿ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೂ ಹೆಚ್ಚುಕಡಿಮೆ ದಿನಾ ಆಟ. ಹಾಗಾಗಿ ಮೊದಲ ವಾರ ಸೋತರೆ ಹಳೇ ಅಭಿಮಾನಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ನೂ ಏಪ್ರಿಲ್ ಅಲ್ವಾ, ನೋಡೋಣ ಅಂತ ಸುಮ್ಮನಾಗುತ್ತಾರೆ. 1988ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಅಭಿಮಾನಿಗಳಿಗೆ ಆ ಸಮಾಧಾನವೂ ದಕ್ಕಲಿಲ್ಲ. ತಂಡ ಮೊದಲ 21 ಪಂದ್ಯಗಳನ್ನೂ ಸೋತಿತು. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಸೀಸನ್ ಆರಂಭದ ಅತಿ ಕೆಟ್ಟ ದಾಖಲೆ ಸತತ 13 ಸೋಲಿನದು. 1904ರಲ್ಲಿ ವಾಷಿಂಗ್ಟನ್, 1920ರಲ್ಲಿ ಡೆಟ್ರಾಯಿಟ್ ಆ ಗತಿ ಕಂಡಿದ್ದವು. ಓರಿಯೋಲ್ಸ್ ಅದರ ಮೇಲೆ ಇನ್ನೂ ಎಂಟು ಸೇರಿಸಿತು. ಆ ದಾಖಲೆ ಇವತ್ತಿಗೂ ಯಾರೂ ಮುಟ್ಟದೆ ಹಾಗೇ ಇದೆ.

ಈ ಕಥೆಯನ್ನು ಸಾಮಾನ್ಯವಾಗಿ ತಮಾಷೆಗೆ ಹೇಳುತ್ತಾರೆ. ನಾನು ನೋಡಲು ಹೊರಟಿರುವುದು ಬೇರೆ ವಿಷಯ. ತಂಡ ಸೋಲಲು ಶುರುಮಾಡಿದಾಗ ಸಿಟ್ಟು ಯಾರ ಮೇಲೆ ಹೋಯಿತು? ಮಾಲೀಕರ ಸಿಟ್ಟು ಆರನೇ ಪಂದ್ಯಕ್ಕೇ ಮ್ಯಾನೇಜರ್ (ನಮ್ಮ ಕ್ರಿಕೆಟ್‌ನ ಮುಖ್ಯ ಕೋಚ್ ಇದ್ದ ಹಾಗೆ) ತಲೆಗೆ ಬಂತು. ಹೊಟ್ಟೆ ಉರಿದುಕೊಂಡು ಕೂತಿದ್ದ ಅಭಿಮಾನಿಗಳು ಮಾತ್ರ ಮಾಲೀಕರಿಗಿಂತ ತಾಳ್ಮೆಯಿಂದ ನಡೆದುಕೊಂಡರು. ಯಾರ ಲೆಕ್ಕ ಸರಿ ಇತ್ತು ಅನ್ನುವುದು ಅಂಕಿಗಳಲ್ಲೇ ಸಿಗುತ್ತದೆ.

ಮೊದಲು ಹಿಂದಿನ ಕಥೆ

ಓರಿಯೋಲ್ಸ್ ಯಾವತ್ತೂ ಸೋಲುಬುರುಕ ತಂಡ ಆಗಿರಲಿಲ್ಲ. 1966, 1970, 1983, ಮೂರು ಸಲ ವಿಶ್ವ ಸರಣಿ, ಅಂದರೆ ಮೇಜರ್ ಲೀಗ್ ಫೈನಲ್, ಗೆದ್ದ ತಂಡ ಅದು. ಅವರ ಗುಟ್ಟು ಮೈನರ್ ಲೀಗ್‌ನಲ್ಲಿತ್ತು. ಮೇಜರ್ ಲೀಗ್ ತಂಡಗಳಿಗೆ ಕೆಳಗಿನ ಊರುಗಳಲ್ಲಿ ತಮ್ಮವೇ ಕಿರಿಯ ತಂಡಗಳಿರುತ್ತವೆ. ಹುಡುಗರು ಅಲ್ಲಿ ಪಳಗಿ ಮೇಲೆ ಬರುತ್ತಾರೆ. ಓರಿಯೋಲ್ಸ್‌ನ ಎಲ್ಲ ಕಿರಿಯ ತಂಡಗಳಲ್ಲೂ ಪಾಠ ಒಂದೇ ಥರ. ಚೆಂಡು ಹಿಡಿದು ಯಾವ ಕಡೆ ಎಸೆಯಬೇಕು, ಹಿಂದೆ ಆಸರೆಗೆ ಯಾರು ಓಡಬೇಕು, ಎಲ್ಲವೂ ಊರು ಬದಲಾದರೂ ಬದಲಾಗುತ್ತಿರಲಿಲ್ಲ. ಆ ಪಾಠ ಹೇಳಿಕೊಟ್ಟ ಮೇಷ್ಟ್ರುಗಳಲ್ಲಿ ಮುಖ್ಯರು ಕ್ಯಾಲ್ ರಿಪ್ಕೆನ್ ಸೀನಿಯರ್. 1957ರಲ್ಲಿ ಆಟಗಾರನಾಗಿ ಸೇರಿದವರು. ಮೇಜರ್ ಲೀಗ್‌ನಲ್ಲಿ ಆಡುವ ಯೋಗ ಬರಲಿಲ್ಲ. ಕಿರಿಯ ತಂಡಗಳ ಮ್ಯಾನೇಜರ್ ಆದರು, ಆಮೇಲೆ ದೊಡ್ಡ ತಂಡದ ಕೋಚ್ ಆದರು. ಅವರ ದೊಡ್ಡ ಮಗ ಕ್ಯಾಲ್ ಜೂನಿಯರ್ ತಂಡದ ಶಾರ್ಟ್‌ಸ್ಟಾಪ್ ಅನ್ನುವ ಜಾಗದ ಫೀಲ್ಡರ್, 1983ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯಮೂಲ್ಯ ಆಟಗಾರ. ಚಿಕ್ಕ ಮಗ ಬಿಲ್ಲಿ ಸೆಕೆಂಡ್ ಬೇಸ್‌ನಲ್ಲಿ. 1987ರಲ್ಲಿ ಅಪ್ಪ ಮ್ಯಾನೇಜರ್ ಆದಾಗ ಒಂದೇ ಮೇಜರ್ ಲೀಗ್ ತಂಡದಲ್ಲಿ ಇಬ್ಬರು ಮಕ್ಕಳನ್ನು ಆಡಿಸಿದ ಮೊದಲ ಮ್ಯಾನೇಜರ್ ಅನ್ನಿಸಿಕೊಂಡರು.

ಆದರೆ ಅವರ ಕೈಗೆ ಸಿಕ್ಕಿದ್ದು 1983ರ ತಂಡ ಅಲ್ಲ. ಮಾಲೀಕ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ವಾಷಿಂಗ್ಟನ್‌ನ ಹೆಸರಾಂತ ವಕೀಲರು, 1979ರಲ್ಲಿ ತಂಡ ಕೊಂಡವರು. 1985ಕ್ಕೆ ಮುಂಚೆ ಅವರು ಫ್ರೆಡ್ ಲಿನ್, ಲೀ ಲೇಸಿ, ಡಾನ್ ಆಸಿ ಎಂಬ ಅನುಭವಿಗಳನ್ನು ದುಡ್ಡು ಸುರಿದು ಕರೆತಂದರು. ಆಗಿನ ನಿಯಮದಲ್ಲಿ ಹೀಗೆ ದೊಡ್ಡ ಹೆಸರಿನವರನ್ನು ತಂದರೆ ಬದಲಿಗೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ತಮ್ಮ ಸರದಿ ಬಿಟ್ಟುಕೊಡಬೇಕಿತ್ತು. ಮೇಲೆ ಆಟಗಾರರಿಗೆ ವಯಸ್ಸಾಗುತ್ತಿದೆ, ಕೆಳಗಿನಿಂದ ಬರುವವರು ಕಮ್ಮಿ. ಇದರ ಫಲ ಕಾಣಲು ಹೆಚ್ಚು ದಿನ ಬೇಕಾಗಲಿಲ್ಲ. 1986ರ ಆಗಸ್ಟ್ ಆರಂಭದಲ್ಲಿ ತಂಡ 59 ಗೆದ್ದು 47 ಸೋತು ಪೈಪೋಟಿಯಲ್ಲೇ ಇತ್ತು. ಉಳಿದ 56 ಪಂದ್ಯಗಳಲ್ಲಿ ಗೆದ್ದದ್ದು 14. ಮ್ಯಾನೇಜರ್ ಆಗಿದ್ದ ಅರ್ಲ್ ವೀವರ್, ಬಾಲ್ಟಿಮೋರ್‌ನವರು ದೇವರ ಹಾಗೆ ನೋಡುತ್ತಿದ್ದ ಮನುಷ್ಯ, ಆ ವರ್ಷ ಕೈಮುಗಿದು ಹೋದರು.

ಮರುವರ್ಷ, ರಿಪ್ಕೆನ್ ಸೀನಿಯರ್ ಕೈಯಲ್ಲಿ, 67 ಗೆಲುವು 95 ಸೋಲು. ಆ ವರ್ಷದ ಒಂದು ರಾತ್ರಿ ಸಾಕು ತಂಡದ ಸ್ಥಿತಿ ತಿಳಿಯಲು. ಸೆಪ್ಟೆಂಬರ್ 14, ಟೊರಾಂಟೊ. ಎದುರಾಳಿಗಳು ಒಂದೇ ಪಂದ್ಯದಲ್ಲಿ ಹತ್ತು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರು. ಮೇಜರ್ ಲೀಗ್ ದಾಖಲೆ. ಸ್ಕೋರ್ 18-3. ಕ್ಯಾಲ್ ಜೂನಿಯರ್ ಅಲ್ಲಿಯವರೆಗೆ 8,243 ಇನಿಂಗ್ಸ್ (ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಒಂದನ್ನೂ ಬಿಡದೆ ಮೈದಾನದಲ್ಲಿದ್ದರು. ಆ ರಾತ್ರಿ ಅಪ್ಪನೇ ಮಗನನ್ನು ಹೊರಗೆ ಕರೆದು ಕೂರಿಸಿದರು.

ಇಷ್ಟೆಲ್ಲ ಕಣ್ಣಾರೆ ಕಂಡಿದ್ದ ಅಭಿಮಾನಿಗೆ 1988ರಲ್ಲಿ ಕಪ್ಪಿನ ಆಸೆ ಇದ್ದಿರಲಾರದು. ಆದರೆ ಒಂದಾದರೂ ಗೆಲ್ಲುತ್ತಾರೆ ಅಂದುಕೊಳ್ಳುವುದರಲ್ಲಿ ತಪ್ಪಿಲ್ಲವಲ್ಲ.

ಏಪ್ರಿಲ್ 4ರಿಂದ 28ರವರೆಗೆ

ಮೊದಲ ದಿನ ಮೆಮೋರಿಯಲ್ ಸ್ಟೇಡಿಯಂ ತುಂಬಿತ್ತು. ಮಿಲ್ವಾಕಿ ಎದುರು 12-0 ಸೋಲು. ಒಂದು ರನ್ನೂ ಇಲ್ಲ. ಎರಡು ದಿನ ಬಿಟ್ಟು ಅದೇ ಮಿಲ್ವಾಕಿ ಎದುರು 3-1. ಆಮೇಲೆ ಕ್ಲೀವ್‌ಲ್ಯಾಂಡ್‌ಗೆ ಹೋಗಿ ನಾಲ್ಕಕ್ಕೆ ನಾಲ್ಕೂ ಸೋತು ಬಂದರು. ಏಪ್ರಿಲ್ 12ರಂದು ರಿಪ್ಕೆನ್ ಸೀನಿಯರ್ ಕೆಲಸ ಹೋಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ಸೇವೆ, ಸೀಸನ್ನಿನಲ್ಲಿ ಆರು ಪಂದ್ಯ. ಅಷ್ಟು ಬೇಗ ಮ್ಯಾನೇಜರ್‌ನನ್ನು ತೆಗೆದದ್ದು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಅವರ ಜಾಗಕ್ಕೆ ಬಂದವರು ಫ್ರಾಂಕ್ ರಾಬಿನ್ಸನ್. 1966ರಲ್ಲಿ ಓರಿಯೋಲ್ಸ್‌ಗೆ ಮೊದಲ ಕಪ್ ತಂದುಕೊಟ್ಟ ಬ್ಯಾಟರ್. 1975ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಕಪ್ಪು ವರ್ಣೀಯ ಮ್ಯಾನೇಜರ್ ಆದವರು. ಹೆಸರಿಗೆ ಕೊರತೆ ಇಲ್ಲ. ಅವರ ಕೆಳಗೆ ಮೊದಲ ಪಂದ್ಯ ಕ್ಯಾನ್ಸಸ್ ಸಿಟಿ ಎದುರು, 6-1 ಸೋಲು. ಆಮೇಲೆ 9-3, 4-3, 3-2. ಕ್ಲೀವ್‌ಲ್ಯಾಂಡ್ ಎದುರಿನ ಒಂದು ಪಂದ್ಯದಲ್ಲಿ ಓರಿಯೋಲ್ಸ್ ಪಿಚರ್‌ಗಳು (ಚೆಂಡು ಎಸೆಯುವವರು) ಹತ್ತು ಇನಿಂಗ್ಸ್ ಒಂದೂ ರನ್ ಕೊಡಲಿಲ್ಲ. ಬ್ಯಾಟರ್‌ಗಳೂ ಒಂದೂ ಹೊಡೆಯಲಿಲ್ಲ. ಹನ್ನೊಂದನೇ ಇನಿಂಗ್ಸ್‌ನಲ್ಲಿ 1-0. ನನ್ನ ಮಟ್ಟಿಗೆ ಅಭಿಮಾನಿಯ ಜೀವ ಹಿಂಡುವುದು ಇಂಥ ಸೋಲೇ. 12-0 ಆದರೆ ಐದನೇ ಇನಿಂಗ್ಸ್‌ಗೆ ಟಿವಿ ಆರಿಸಿ ಊಟಕ್ಕೆ ಏಳಬಹುದು. 1-0 ಕೊನೆವರೆಗೂ ಕೂರಿಸುತ್ತದೆ.

ಊರಲ್ಲಿ ಸೋತದ್ದು ಸಾಲದು ಅಂತ ಆಮೇಲೆ ಹನ್ನೆರಡು ಪಂದ್ಯ ಹೊರಗೆ. ಮಿಲ್ವಾಕಿಯಲ್ಲಿ ಮೂರು, ಕ್ಯಾನ್ಸಸ್ ಸಿಟಿಯಲ್ಲಿ ಮೂರು, ಮಿನೆಸೋಟದಲ್ಲಿ ಮೂರು, ಎಲ್ಲವೂ ಹೋದವು. ಕ್ಯಾನ್ಸಸ್ ಸಿಟಿಯಲ್ಲಿ ಒಂದು 13-1, ಮಿನೆಸೋಟದಲ್ಲಿ ಒಂದು 7-6. ಅಷ್ಟು ಹೊತ್ತಿಗೆ ಇದು ದೇಶದ ಸುದ್ದಿ. ಅಧ್ಯಕ್ಷ ರೇಗನ್ ರಾಬಿನ್ಸನ್‌ಗೆ ಫೋನ್ ಮಾಡಿ ಸಮಾಧಾನ ಹೇಳಿದರು. ತಂಡದ ಮ್ಯಾನೇಜರ್‌ಗೆ ಶ್ವೇತಭವನದಿಂದ ಕರೆ ಬರುವುದು ಮಾಮೂಲಾಗಿ ಕಪ್ ಗೆದ್ದಾಗ.

ಏಪ್ರಿಲ್ 29, ಶುಕ್ರವಾರ ರಾತ್ರಿ, ಶಿಕಾಗೊದ ಕೊಮಿಸ್ಕಿ ಪಾರ್ಕ್. ಎಡ್ಡಿ ಮರ್ರೆ ಹೋಮ್ ರನ್ ಹೊಡೆದರು, ಕ್ಯಾಲ್ ಜೂನಿಯರ್ ಹೊಡೆದರು. ಮಾರ್ಕ್ ವಿಲಿಯಮ್ಸನ್ ಶುರುಮಾಡಿದ ಪಿಚಿಂಗ್ ಅನ್ನು ಡೇವ್ ಶ್ಮಿಟ್ ಮುಗಿಸಿದರು. ಇಬ್ಬರೂ ಸೇರಿ ಒಂದೂ ರನ್ ಬಿಡಲಿಲ್ಲ. 9-0 ಗೆಲುವು. ಮರುದಿನದಿಂದ ಮತ್ತೆರಡು ಸೋಲು. ಒಂದು ಗೆಲುವು, 23 ಸೋಲು ಹೊತ್ತುಕೊಂಡು ಊರಿಗೆ ಮರಳಿದರು.

ಆರು ಪಂದ್ಯದ ತೀರ್ಪು

ಮಾಲೀಕರ ನಿರ್ಧಾರವನ್ನು ತೂಗಿ ನೋಡೋಣ. ನಮಗೆ ಗೊತ್ತಿರುವ ಅಳತೆ ಆರ್‌ಸಿಬಿ. 2019ರಲ್ಲಿ ಆರ್‌ಸಿಬಿ ಕೂಡ ಮೊದಲ ಆರು ಪಂದ್ಯ ಸೋತಿತ್ತು. ಆದರೆ ಐಪಿಎಲ್ ಲೀಗ್ ಹಂತದಲ್ಲಿ ಇರುವುದೇ 14 ಪಂದ್ಯ. ಆರು ಸೋತರೆ ಹತ್ತಿರಹತ್ತಿರ ಅರ್ಧ ಸೀಸನ್ ಹೋಯಿತು. ಆಗ ಕೂಗಾಡಿದ ನಮ್ಮ ಜನರನ್ನು ಯಾರೂ ಬೈಯುವಂತಿಲ್ಲ. 162ರಲ್ಲಿ ಆರು ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಐಪಿಎಲ್ ಲೆಕ್ಕಕ್ಕೆ ತಂದರೆ ಅರ್ಧ ಪಂದ್ಯ. ಮೊದಲ ಮ್ಯಾಚಿನ ಇನಿಂಗ್ಸ್ ಬ್ರೇಕ್‌ನಲ್ಲಿ ಕೋಚ್‌ನನ್ನು ಕರೆದು ನಾಳೆಯಿಂದ ಬರಬೇಡಿ ಅಂದ ಹಾಗೆ.

ಇದಕ್ಕೆ ಒಂದು ಸಮರ್ಥನೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆರು ಪಂದ್ಯ ಅನ್ನುವುದು ನೆಪ, ಹಿಂದಿನ ವರ್ಷದ 95 ಸೋಲೂ ಲೆಕ್ಕದಲ್ಲಿತ್ತು ಅನ್ನಬಹುದು. ಸರಿ, ಒಪ್ಪೋಣ. ಹಾಗಿದ್ದರೆ 1987ರ ಸೀಸನ್ ಮುಗಿದ ಮೇಲೆ ತೆಗೆಯಬೇಕಿತ್ತು. ಆಗ ವಿಲಿಯಮ್ಸ್ ತೆಗೆದದ್ದು ಆಟಗಾರರನ್ನು ತರುವ, ಕಳಿಸುವ ಕೆಲಸದ ಜನರಲ್ ಮ್ಯಾನೇಜರ್ ಹ್ಯಾಂಕ್ ಪೀಟರ್ಸ್‌ರನ್ನು. ಅವರ ಜಾಗಕ್ಕೆ ರೋಲಂಡ್ ಹೇಮಂಡ್ ಬಂದರು. ಚಳಿಗಾಲವಿಡೀ ಯೋಚನೆ ಮಾಡಿ ರಿಪ್ಕೆನ್ ಇರಲಿ ಅಂದವರು, ಎಂಟು ದಿನದಲ್ಲಿ ಬೇಡ ಅಂದರು. ಆ ಎಂಟು ದಿನದಲ್ಲಿ ಹೊಸದಾಗಿ ಗೊತ್ತಾದದ್ದು ಏನು?

ಇನ್ನು ಅಂಕಿಗೆ ಬರೋಣ. ಮೊದಲ 21 ಪಂದ್ಯಗಳಲ್ಲಿ ಓರಿಯೋಲ್ಸ್ ಗಳಿಸಿದ ರನ್ 44. ಬಿಟ್ಟುಕೊಟ್ಟದ್ದು 129. ಪಂದ್ಯಕ್ಕೆ ಎರಡು ಗಳಿಸಿ ಆರು ಕೊಟ್ಟ ಹಾಗೆ. ಬೇಸ್‌ಬಾಲ್‌ನಲ್ಲಿ ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳನ್ನು ಹೋಲಿಸಿ, ತಂಡ ಎಷ್ಟು ಗೆಲ್ಲಬೇಕಿತ್ತು ಅಂತ ಅಂದಾಜಿಸುವ ಒಂದು ಸರಳ ಸೂತ್ರ ಇದೆ. ಬೇಸ್‌ಬಾಲ್ ಅಂಕಿಅಂಶಗಳ ಬಗ್ಗೆ ಬರೆಯುವ ಬಿಲ್ ಜೇಮ್ಸ್ ಹುಟ್ಟುಹಾಕಿದ್ದು. ಅದರ ಪ್ರಕಾರ ಈ ತಂಡ ಎರಡು ಪಂದ್ಯ ಗೆಲ್ಲಬೇಕಿತ್ತು. ಅಂದರೆ ಅದೃಷ್ಟ ಕೈಕೊಟ್ಟದ್ದು ಎರಡು ಪಂದ್ಯದಷ್ಟು. ಮಿಕ್ಕದ್ದು ಆಟವೇ ಅಷ್ಟು ಕೆಟ್ಟದಾಗಿತ್ತು.

ಹಾಗಾದರೆ ಮಾಲೀಕರು ಹೇಳಿದ್ದೇ ಸರಿ ಅಲ್ವಾ, ಆಟ ಕೆಟ್ಟಿತ್ತಲ್ಲ ಅಂತ ಕೇಳಬಹುದು. ಇಲ್ಲಿ ಉಳಿದ ಸೀಸನ್ ನೋಡಬೇಕು. 1988ರ ಕೊನೆಯ ಲೆಕ್ಕ 54 ಗೆಲುವು, 107 ಸೋಲು. ಮೊದಲ 21 ಬಿಟ್ಟರೆ 54 ಗೆಲುವು, 86 ಸೋಲು. ಅದೇ ವೇಗದಲ್ಲಿ ಪೂರ್ತಿ 162 ಆಡಿದ್ದರೆ ಸುಮಾರು 62 ಗೆಲುವು. ರಿಪ್ಕೆನ್ ಸೀನಿಯರ್ ಹಿಂದಿನ ವರ್ಷ ಗೆದ್ದದ್ದು 67. ಮ್ಯಾನೇಜರ್ ಬದಲಾದರು, ಭಯಂಕರ ಏಪ್ರಿಲ್ ಕಳೆಯಿತು, ಬೇಸಿಗೆ ಬಂತು, ತಂಡ ಮಾತ್ರ ಹೋದ ವರ್ಷ ಎಲ್ಲಿತ್ತೋ ಅದಕ್ಕಿಂತ ಒಂದು ಹೆಜ್ಜೆ ಕೆಳಗೇ ನಿಂತಿತು. ಹತ್ತರಲ್ಲಿ ನಾಲ್ಕು ಗೆಲ್ಲುವ ತಂಡ ಬರೀ ಕಾಕತಾಳೀಯವಾಗಿ ಸತತ 21 ಸೋಲುವ ಸಾಧ್ಯತೆ 45 ಸಾವಿರದಲ್ಲಿ ಒಂದು. ಹಾಗಾಗಿ ಆ ತಿಂಗಳು ಇನ್ನೇನೋ ಸೇರಿಕೊಂಡಿತ್ತು. ದಿನಾ ಸೋಲುವ ಕೋಣೆಯಲ್ಲಿ ಬ್ಯಾಟರ್ ಪ್ರತಿ ಸಲವೂ ಒಂದೇ ಹೊಡೆತಕ್ಕೆ ಎಲ್ಲ ಸರಿಮಾಡಲು ಹೋಗುತ್ತಾನೆ. ಅದೂ ಕೆಡುತ್ತದೆ. ಮ್ಯಾನೇಜರ್‌ನನ್ನು ಎರಡನೇ ವಾರವೇ ಕಳಿಸಿದ್ದು ಆ ಕೋಣೆಗೆ ಧೈರ್ಯ ಕೊಟ್ಟಿರಲಾರದು. ಅದರಲ್ಲೂ ಹೋದವನ ಮಕ್ಕಳಿಬ್ಬರು ಅಲ್ಲೇ ಬಟ್ಟೆ ಬದಲಿಸುತ್ತಿರುವಾಗ.

ರಿಪ್ಕೆನ್ 0-6ಕ್ಕೆ ಹೋದರು. ರಾಬಿನ್ಸನ್ 0-15 ಮಾಡಿಯೂ ಉಳಿದರು. ಉಳಿಸಿದ್ದು ಸರಿಯೇ. ಹದಿನೈದು ಪಂದ್ಯದಲ್ಲಿ ಯಾವ ಮ್ಯಾನೇಜರ್‌ನನ್ನೂ ಅಳೆಯಲಾಗದು. ಆದರೆ ಆ ನ್ಯಾಯ ಆರಕ್ಕೆ ಅನ್ವಯಿಸಲಿಲ್ಲ ಅನ್ನುವುದೇ ತಕರಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

ಸೋತ ತಂಡಕ್ಕೆ ಐವತ್ತು ಸಾವಿರ ಜನ

ಇತ್ತ ಊರಲ್ಲಿ ಏನಾಗುತ್ತಿತ್ತು? ಸ್ಥಳೀಯ ರೇಡಿಯೊ ನಿರೂಪಕ ಬಾಬ್ ರಿವರ್ಸ್ ಓರಿಯೋಲ್ಸ್ ಗೆಲ್ಲುವವರೆಗೂ ಮೈಕ್ ಬಿಟ್ಟು ಏಳುವುದಿಲ್ಲ ಅಂತ ಹಠ ಹಿಡಿದರು. ಒಂದೆರಡು ದಿನದ ಮಾತು ಅಂದುಕೊಂಡಿರಬೇಕು. 258 ಗಂಟೆ ಆಯಿತು. ಹತ್ತು ದಿನ ದಾಟಿ ಹನ್ನೊಂದನೆಯದು. ಇದು ಪ್ರಚಾರದ ಗಿಮಿಕ್ ಹೌದು. ಆದರೆ ಗಿಮಿಕ್‌ಗೂ ಕೇಳುವವರು ಬೇಕಲ್ಲ. ತಂಡದ ಮೇಲೆ ಊರಿಗೆ ಆಸೆ ಸತ್ತಿದ್ದರೆ ಯಾರೂ ರೇಡಿಯೊ ಹಚ್ಚುತ್ತಿರಲಿಲ್ಲ.

ಮೇ 2, ಸೋಮವಾರ. ತಂಡ ಹೊರಗಿನಿಂದ ಮರಳಿ ಊರಲ್ಲಿ ಆಡುವ ಮೊದಲ ರಾತ್ರಿ. ಅಭಿಮಾನಿಗಳ ರಾತ್ರಿ ಅಂತ ಹೆಸರಿಟ್ಟಿದ್ದರು. 1-23 ತಂಡವನ್ನು ನೋಡಲು ವಾರದ ಮೊದಲ ದಿನ ಬಂದವರು 50,402 ಜನ. ಎದುರಾಳಿ ಟೆಕ್ಸಸ್. ಓರಿಯೋಲ್ಸ್ 9-4 ಗೆದ್ದಿತು.

ಸೋಲಿಗೆ ಇಷ್ಟು ಜನ ಯಾಕೆ ಬಂದರು? ಬಾಲ್ಟಿಮೋರ್‌ನ ಗಾಯ ಗೊತ್ತಿಲ್ಲದಿದ್ದರೆ ಇದು ಅರ್ಥ ಆಗುವುದಿಲ್ಲ. ನಾಲ್ಕು ವರ್ಷ ಹಿಂದೆ, 1984ರ ಮಾರ್ಚ್ 28ರ ರಾತ್ರಿ, ಅದೇ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಕೋಲ್ಟ್ಸ್ ಲಾರಿಗಳಿಗೆ ಸಾಮಾನು ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಗಿತ್ತು. ಬೆಳಗ್ಗೆ ಎದ್ದಾಗ ಊರಿಗೆ ತಂಡವೇ ಇಲ್ಲ. ಕೋಲ್ಟ್ಸ್ ಆಡುತ್ತಿದ್ದದ್ದೂ ಇದೇ ಮೆಮೋರಿಯಲ್ ಸ್ಟೇಡಿಯಂನಲ್ಲಿ. ಅಮೆರಿಕದಲ್ಲಿ ತಂಡ ಮಾಲೀಕರ ಆಸ್ತಿ. ಅವರಿಗೆ ಬೇರೆ ಊರಲ್ಲಿ ಒಳ್ಳೆಯ ಸ್ಟೇಡಿಯಂ ಸಿಕ್ಕರೆ ಎತ್ತಿಕೊಂಡು ಹೋಗಬಹುದು. ಬೆಂಗಳೂರಿನ ತಂಡ ರಾತ್ರೋರಾತ್ರಿ ಇನ್ನೊಂದು ರಾಜ್ಯಕ್ಕೆ ಹೋಗಿ ಹೆಸರನ್ನೂ ಅಲ್ಲೇ ಇಟ್ಟುಕೊಂಡಿದ್ದರೆ ನಮಗೆ ಹೇಗಾಗುತ್ತಿತ್ತು, ಯೋಚಿಸಿ. ವಿಲಿಯಮ್ಸ್ ವಾಷಿಂಗ್ಟನ್‌ನವರು. ಅಲ್ಲಿ 1971ರ ನಂತರ ಬೇಸ್‌ಬಾಲ್ ತಂಡ ಇರಲಿಲ್ಲ. ಇವರೂ ಹೊತ್ತುಕೊಂಡು ಹೋಗುತ್ತಾರೇನೋ ಅನ್ನುವ ಭಯ ಊರನ್ನು ವರ್ಷಗಟ್ಟಲೆ ಕಾಡಿತ್ತು.

ಹಾಗಾಗಿ ಬಾಲ್ಟಿಮೋರ್ ಅಭಿಮಾನಿಗೆ ಪಂದ್ಯ ಕಳೆದುಕೊಳ್ಳುವುದು ಒಂದು ನೋವು, ತಂಡ ಕಳೆದುಕೊಳ್ಳುವುದು ಬೇರೆಯೇ ನೋವು. ಸ್ಟೇಡಿಯಂ ಖಾಲಿ ಬಿಟ್ಟು ಸಿಟ್ಟು ತೋರಿಸುವುದು ಬೇರೆ ಊರಲ್ಲಿ ನಡೆಯುತ್ತದೆ. ಇಲ್ಲಿ ಖಾಲಿ ಕುರ್ಚಿ ಮಾಲೀಕರ ಕೈಗೆ ನೆಪ ಕೊಟ್ಟಂತೆ. ಅವರು ಟಿಕೆಟ್ ಕೊಂಡು ಬಂದು ಕೂತರು. ನನ್ನ ದೃಷ್ಟಿಯಲ್ಲಿ ಅದು ಬರೀ ಭಕ್ತಿಯಲ್ಲ, ಅದರಲ್ಲಿ ಜಾಣತನವೂ ಇತ್ತು.

ಅವತ್ತು ರಾತ್ರಿ ಅದಕ್ಕೆ ಉತ್ತರವೂ ಸಿಕ್ಕಿತು. ಮೇರಿಲ್ಯಾಂಡ್ ಗವರ್ನರ್ ವಿಲಿಯಂ ಡೊನಾಲ್ಡ್ ಶೇಫರ್, ಕೋಲ್ಟ್ಸ್ ಹೋದಾಗ ಬಾಲ್ಟಿಮೋರ್ ಮೇಯರ್ ಆಗಿದ್ದವರು, ಮೈದಾನದಲ್ಲೇ ಹೊಸ ಒಪ್ಪಂದ ಪ್ರಕಟಿಸಿದರು. ಊರ ಮಧ್ಯೆ ಹೊಸ ಸ್ಟೇಡಿಯಂ, ತಂಡಕ್ಕೆ ದೀರ್ಘಾವಧಿ ಗುತ್ತಿಗೆ. ಓರಿಯೋಲ್ಸ್ ಎಲ್ಲೂ ಹೋಗುವುದಿಲ್ಲ. ಆ ಸ್ಟೇಡಿಯಂ 1992ರಲ್ಲಿ ಬಾಗಿಲು ತೆರೆಯಿತು. ಅದೇ ಕ್ಯಾಮ್ಡನ್ ಯಾರ್ಡ್ಸ್. ವಿಲಿಯಮ್ಸ್ ಅದನ್ನು ನೋಡಲಿಲ್ಲ. ಬಹಳ ದಿನದಿಂದ ಕ್ಯಾನ್ಸರ್ ಇತ್ತು, ಅದೇ 1988ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಚಿಕಿತ್ಸೆ ಆದದ್ದು ಎಲ್ಲಿ

ತಂಡ ಸುಧಾರಿಸಿತು, ಆದರೆ ಮ್ಯಾನೇಜರ್ ಬದಲಿಸಿದ್ದರಿಂದಲ್ಲ. ಜುಲೈ ಕೊನೆಯಲ್ಲಿ ಹೇಮಂಡ್ ತಮ್ಮ ಮುಖ್ಯ ಪಿಚರ್ ಮೈಕ್ ಬಾಡಿಕರ್‌ರನ್ನು ಬಾಸ್ಟನ್‌ಗೆ ಕೊಟ್ಟು ಇಬ್ಬರು ಹುಡುಗರನ್ನು ತಂದರು. ಒಬ್ಬ ಬ್ರೇಡಿ ಆಂಡರ್ಸನ್, ಇನ್ನೊಬ್ಬ ಕರ್ಟ್ ಶಿಲ್ಲಿಂಗ್. ಬೇಸ್‌ಬಾಲ್ ನೋಡುವವರಿಗೆ ಎರಡೂ ಹೆಸರು ಗೊತ್ತಿರುತ್ತದೆ. ಫ್ರೆಡ್ ಲಿನ್ ಹೋದರು. ಡಿಸೆಂಬರ್‌ನಲ್ಲಿ ಎಡ್ಡಿ ಮರ್ರೆಯನ್ನೂ ಲಾಸ್ ಏಂಜಲೀಸ್‌ಗೆ ಕೊಟ್ಟರು. ಅಭಿಮಾನಿಗಳಿಗೆ ಆ ಕೊನೆಯದು ನುಂಗಲಾಗದ ತುತ್ತು. ಆದರೆ ಡ್ರಾಫ್ಟ್‌ನಲ್ಲಿ ಬಂದ ಗ್ರೆಗ್ ಓಲ್ಸನ್ ಮುಂದಿನ ವರ್ಷ ಅಮೆರಿಕನ್ ಲೀಗ್‌ನ ಶ್ರೇಷ್ಠ ಹೊಸಬ ಅನ್ನಿಸಿಕೊಂಡರು.

1989ರಲ್ಲಿ ಆ ಹುಡುಗರ ತಂಡ 87 ಗೆದ್ದು 75 ಸೋತಿತು. ಕೊನೆಯ ವಾರಾಂತ್ಯದವರೆಗೂ ಟೊರಾಂಟೊ ಜೊತೆ ಡಿವಿಷನ್‌ನ, ಅಂದರೆ ಲೀಗ್‌ನಲ್ಲಿ ತಮ್ಮ ಗುಂಪಿನ, ಮೊದಲ ಸ್ಥಾನಕ್ಕೆ ಸೆಣಸಿ, ಎರಡು ಪಂದ್ಯದ ಅಂತರದಲ್ಲಿ ಎರಡನೇ ಸ್ಥಾನ. ರಾಬಿನ್ಸನ್ ವರ್ಷದ ಮ್ಯಾನೇಜರ್ ಪ್ರಶಸ್ತಿ ಪಡೆದರು. ಅವರ ಕೆಳಗೆ ಥರ್ಡ್ ಬೇಸ್ ಕೋಚ್ ಆಗಿ ನಿಂತಿದ್ದವರು ಯಾರು ಗೊತ್ತಾ? ರಿಪ್ಕೆನ್ ಸೀನಿಯರ್. ಕರೆದರು, ಬಂದರು. ಅವರ ಹಳೇ 7 ನಂಬರ್ ಅಂಗಿ ಆಗ ಮಗ ಬಿಲ್ಲಿ ಮೈಮೇಲಿತ್ತು. ಅಪ್ಪನನ್ನು ತೆಗೆದ ಮೇಲೆ ತನ್ನ 3 ಬಿಟ್ಟು ಅದನ್ನು ತೊಟ್ಟಿದ್ದ. ದೊಡ್ಡ ಮಗನೂ ತಂಡ ಬಿಟ್ಟು ಹೋಗಲಿಲ್ಲ. ಒಪ್ಪಂದ ಮುಗಿಯುವ ವರ್ಷವಾಗಿದ್ದರೂ 1988ರ ಬೇಸಿಗೆಯಲ್ಲೇ ಮತ್ತೆ ಸಹಿ ಹಾಕಿದರು.

ಈ ಎರಡು ವರ್ಷ ನೋಡಿ, ರಾಬಿನ್ಸನ್ ಬಂದದ್ದೇ ಔಷಧಿ ಆಯಿತು ಅನ್ನುವವರಿದ್ದಾರೆ. ಅವರಿಗೆ 1991 ತೋರಿಸಬೇಕು. ಅಷ್ಟರಲ್ಲಿ ಮಾಲೀಕರೂ ಬೇರೆಯವರು. ತಂಡ 13 ಗೆದ್ದು 24 ಸೋತಿದ್ದಾಗ, ಮೇ ತಿಂಗಳಲ್ಲಿ, ರಾಬಿನ್ಸನ್‌ರನ್ನೂ ಮ್ಯಾನೇಜರ್ ಕೆಲಸದಿಂದ ಇಳಿಸಿ ಜಾನಿ ಓಟ್ಸ್‌ರನ್ನು ತಂದರು. ಆ ಸೀಸನ್ ಮುಗಿದಾಗ ಓರಿಯೋಲ್ಸ್ ಲೆಕ್ಕ 67 ಗೆಲುವು, 95 ಸೋಲು. 1987ರಲ್ಲಿ ರಿಪ್ಕೆನ್ ಸೀನಿಯರ್ ಮಾಡಿದ್ದೂ ಸರಿಯಾಗಿ ಅಷ್ಟೇ.